ನರಸಿಂಹ ಆಯ್ತು, ಮುಂದೆ ಪರಶುರಾಮ: ಮಕ್ಕಳಿಗೆ ಆಗುತ್ತಾ ಅಂತ ಹೇಳುವವರು ಯಾರು?

2025ರ ಜುಲೈ 25ರಂದು 'ಮಹಾವತಾರ್ ನರಸಿಂಹ' ತೆರೆಗೆ ಬಂತು. ನಿರ್ದೇಶಕ ಅಶ್ವಿನ್ ಕುಮಾರ್. ಅರ್ಪಿಸಿದವರು 'ಕೆಜಿಎಫ್', 'ಕಾಂತಾರ' ಮಾಡಿದ ನಮ್ಮ ಹೊಂಬಾಳೆ ಫಿಲ್ಮ್ಸ್. ಪೂರ್ತಿ ಅನಿಮೇಷನ್, ಅಂದರೆ ನಮ್ಮ ಕಡೆ ಹೇಳುವಂತೆ 'ಬೊಂಬೆ ಸಿನಿಮಾ'. ಕನ್ನಡದಲ್ಲೂ ಬಂದಿದ್ದರಿಂದ ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಟ್ಟಿಗೆ ಕೂತು ನೋಡಿದರು. ಭಾರತದ ಅನಿಮೇಷನ್ ಸಿನಿಮಾಗಳಲ್ಲೇ ಅತಿ ಹೆಚ್ಚು ಗಳಿಸಿದ್ದೂ ಇದೇ.

ಇದು ಒಂದೇ ಸಿನಿಮಾಕ್ಕೆ ಮುಗಿಯುವುದಿಲ್ಲ. 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, ಹೀಗೆ 2037ರ ಕಲ್ಕಿಯವರೆಗೆ ಸರಣಿಯನ್ನು ಘೋಷಿಸಿದ್ದಾರೆ. ಈಗ ಒಂದನೇ ಕ್ಲಾಸಿನಲ್ಲಿರುವ ಮಗು ಕೊನೆಯ ಭಾಗ ಬರುವಾಗ ಕಾಲೇಜು ಸೇರಿರುತ್ತದೆ. ನರಸಿಂಹನನ್ನು ನೋಡಿ ಬಂದ ಮಕ್ಕಳು 'ಅಪ್ಪಾ, ಪರಶುರಾಮ ಯಾವಾಗ?' ಅಂತ ಕೇಳುತ್ತಿದ್ದಾರೆ. ಯಾವಾಗ ಅನ್ನುವುದಕ್ಕೆ ಉತ್ತರ ಸುಲಭ. ಅದು ಈ ಮಗುವಿಗೆ ಆಗುತ್ತಾ ಅನ್ನುವುದಕ್ಕೆ ಉತ್ತರ ಕೊಡಬೇಕಾದವರು ಯಾರು? ಸರ್ಕಾರವೇ, ಥಿಯೇಟರಿನವರೇ, ಮನೆಯವರೇ? ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಕಲ್ಲಿನಲ್ಲಿ ಕಂಡದ್ದು, ಬಯಲಿನಲ್ಲಿ ಕಂಡದ್ದು

ಸಿನಿಮಾ ಹುಟ್ಟುವುದಕ್ಕೆ ಮೊದಲೇ ನಮ್ಮ ಜಿಲ್ಲೆಯ ಮಕ್ಕಳು ಹಿರಣ್ಯಕಶಿಪುವಿನ ವಧೆಯನ್ನು ನೋಡಿದ್ದಾರೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಪ್ರತಿಷ್ಠೆ ಆದದ್ದು 1117ರಲ್ಲಿ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ಉಗ್ರನರಸಿಂಹನ ಶಿಲ್ಪಗಳಿವೆ. ರಾಕ್ಷಸ ತೊಡೆಯ ಮೇಲೆ, ಸ್ವಾಮಿಯ ಉಗುರು ಹೊಟ್ಟೆಯೊಳಗೆ, ಹೊರಗೆಳೆದ ಕರುಳು. ಶಾಲೆಯಿಂದ ಟೂರ್ ಹೋದ ಮಕ್ಕಳೆಲ್ಲ ಅದರ ಮುಂದೆ ನಿಂತು ಬಂದವರೇ. ಭಯ ಬೀಳುತ್ತಾರೆ ಅಂತ ಯಾರೂ ಅದಕ್ಕೆ ಪರದೆ ಕಟ್ಟಲಿಲ್ಲ.

ಅದೇ ಜಿಲ್ಲೆಯಲ್ಲಿ ನರಸಿಂಹನ ಇನ್ನೊಂದು ರೂಪವೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಹೊಳೆನರಸೀಪುರದ ಹೆಸರಿನಲ್ಲೇ ನರಸಿಂಹನಿದ್ದಾನೆ. ಅಲ್ಲಿಯೂ ಪೂಜೆ ಲಕ್ಷ್ಮಿಯ ಜೊತೆಗಿರುವ ಸ್ವಾಮಿಗೇ. ಸಿಟ್ಟಿನ ದೇವರನ್ನು ತೋರಿಸಿದ ನಮ್ಮ ಹಿರಿಯರು ಸಮಾಧಾನದ ದೇವರನ್ನೂ ಪಕ್ಕದಲ್ಲೇ ತೋರಿಸಿದ್ದಾರೆ.

ಕಲ್ಲು ಅಲ್ಲಾಡುವುದಿಲ್ಲ. ಭಯವಾದರೆ ಮಗು ಮುಖ ತಿರುಗಿಸಿ ಮುಂದಿನ ಕಂಬಕ್ಕೆ ಹೋಗಬಹುದು. ಬಯಲು ನಾಟಕದಲ್ಲಿ ಕಂಬ ಒಡೆದು ನರಸಿಂಹ ಬರುವ ಹೊತ್ತಿಗೆ ಮಗು ಅಮ್ಮನ ಸೆರಗಿನಲ್ಲಿರುತ್ತದೆ. ಬಣ್ಣದ ಹಿಂದೆ ಇರುವವನು ಪಕ್ಕದ ಬೀದಿಯ ಮಾವ ಅಂತ ಅದಕ್ಕೆ ಗೊತ್ತು. ಬೆಳಿಗ್ಗೆ ಅದೇ ಮಾವ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವುದನ್ನೂ ನೋಡುತ್ತದೆ. ಕತೆ ಹೇಳುವ ಅಜ್ಜಿಯಂತೂ ಮಗುವಿನ ಮುಖ ನೋಡಿಕೊಂಡೇ ಹೇಳುತ್ತಾಳೆ. ಕಣ್ಣು ದೊಡ್ಡದಾದರೆ ಸ್ವರ ಇಳಿಸುತ್ತಾಳೆ, ಅತ್ತರೆ ನಾಲ್ಕು ಮಾತು ಬಿಟ್ಟು ಮುಂದೆ ಹೋಗುತ್ತಾಳೆ.

ಸಿನಿಮಾಕ್ಕೆ ಎದುರಿಗೆ ಕೂತ ಮಗುವಿನ ಮುಖ ಕಾಣುವುದಿಲ್ಲ. ಯಾರಿಗೆ ಯಾವುದು ಆಗುತ್ತದೆ ಅಂತ ಹೊರಗಿನವರು ಹೇಳಬೇಕಾಗಿ ಬಂದದ್ದು ಅದಕ್ಕೇ.

ಅಕ್ಷರ ಹಾಕಿದ ಕಾನೂನು

ಬ್ರಿಟಿಷರು 1918ರಲ್ಲಿ ಮೊದಲ ಸಿನಿಮಾಟೋಗ್ರಾಫ್ ಕಾಯ್ದೆ ತಂದರು. 1920ರಲ್ಲಿ ಬಾಂಬೆ, ಮದ್ರಾಸ್, ಕಲ್ಕತ್ತ, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು ಶುರುವಾದವು. ಆಗ ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಅನ್ನುವ ಅಕ್ಷರಗಳಿರಲಿಲ್ಲ. ಪಾಸಾದ ಸಿನಿಮಾವನ್ನು ಎಲ್ಲರೂ ನೋಡುವುದೇ.

ಸ್ವಾತಂತ್ರ್ಯ ಬಂದ ಮೇಲೆ 1949ರ ತಿದ್ದುಪಡಿ ಎರಡು ಅಕ್ಷರ ತಂದಿತು. ಎಲ್ಲರಿಗೂ 'ಯು', ವಯಸ್ಕರಿಗೆ ಮಾತ್ರ 'ಎ'. 1951ರಲ್ಲಿ ದೇಶಕ್ಕೆಲ್ಲ ಒಂದೇ ಮಂಡಳಿ ಆಯಿತು. 1952ರಲ್ಲಿ ಇವತ್ತಿಗೂ ನಡೆಯುತ್ತಿರುವ ಕಾಯ್ದೆ ಬಂತು.

ಈ ಅಕ್ಷರಗಳನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರು ಕೆ. ಎ. ಅಬ್ಬಾಸ್. ನಾಲ್ಕು ನಗರಗಳ ಬಡವರ, ಶ್ರೀಮಂತರ ಬದುಕನ್ನು ತೋರಿಸುವ ಅವರ ಸಣ್ಣ ಸಾಕ್ಷ್ಯಚಿತ್ರಕ್ಕೆ ಮಂಡಳಿ 'ಎ' ಕೊಟ್ಟಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿದ್ದ ಪೀಠ 1970ರಲ್ಲಿ ತೀರ್ಪು ಕೊಟ್ಟಿತು. ಚಲಿಸುವ ಚಿತ್ರ ಮನಸ್ಸನ್ನು ಪುಸ್ತಕಕ್ಕಿಂತ ಬೇರೆ ರೀತಿ ಹಿಡಿಯುತ್ತದೆ, ಮಕ್ಕಳಿಗೂ ದೊಡ್ಡವರಿಗೂ ಅದನ್ನು ಬೇರೆ ಮಾಡುವುದು ತಪ್ಪಲ್ಲ ಎಂಬುದು ಅದರ ಸಾರ. ವಯಸ್ಸು ನೋಡಿ ಅಕ್ಷರ ಕೊಡುವ ಪದ್ಧತಿ ಅಲ್ಲಿಗೆ ಗಟ್ಟಿಯಾಯಿತು.

ಆದರೆ ಎರಡೇ ಅಕ್ಷರ ಸಾಲಲಿಲ್ಲ. ನಾಲ್ಕು ವರ್ಷದ ಮಗುವೂ ಹದಿನೇಳರ ಹುಡುಗನೂ ಒಂದೇ ಅಲ್ಲವಲ್ಲ. 1983ರ ಜೂನ್‌ನಿಂದ 'ಯುಎ' ಬಂತು: ಎಲ್ಲರೂ ನೋಡಬಹುದು, ಆದರೆ 12 ವರ್ಷದ ಒಳಗಿನವರ ವಿಷಯದಲ್ಲಿ ತಂದೆ ತಾಯಿ ಯೋಚಿಸಬೇಕು. ಕಾನೂನು ಮೊದಲ ಸಲ ಅಪ್ಪ ಅಮ್ಮನ ಕಡೆ ತಿರುಗಿ ಮಾತನಾಡಿತು. ಮಂಡಳಿಯ ಹೆಸರಿನಲ್ಲಿದ್ದ 'ಸೆನ್ಸಾರ್' ಹೋಗಿ 'ಪ್ರಮಾಣೀಕರಣ' ಬಂದದ್ದೂ ಆಗಲೇ.

ಅದೇ 1983ರಲ್ಲಿ ಕನ್ನಡದಲ್ಲಿ 'ಭಕ್ತ ಪ್ರಹ್ಲಾದ' ಬಂತು. ಹಿರಣ್ಯಕಶಿಪು ಡಾ. ರಾಜ್‌ಕುಮಾರ್, ಪ್ರಹ್ಲಾದ ಅವರ ಮಗ, ಮುಂದೆ ಪುನೀತ್ ಆದ ಮಾಸ್ಟರ್ ಲೋಹಿತ್. ಮಗನನ್ನೇ ಕೊಲ್ಲಿಸಲು ಹೊರಟ ಅಪ್ಪನ ಕತೆ ಅದು. ಆದರೆ ನೋಡುವ ಮಕ್ಕಳಿಗೆ ಒಂದು ಧೈರ್ಯವಿತ್ತು. ತೆರೆಯ ಮೇಲಿನ ಅಪ್ಪ ನಿಜದಲ್ಲೂ ಆ ಹುಡುಗನ ಅಪ್ಪನೇ, ಅವನಿಗೆ ಏನೂ ಆಗುವುದಿಲ್ಲ ಅಂತ ಪಕ್ಕದಲ್ಲಿದ್ದ ದೊಡ್ಡವರು ಹೇಳುತ್ತಿದ್ದರು. ಬೊಂಬೆ ಸಿನಿಮಾದಲ್ಲಿ ಆ ಆಸರೆ ಇಲ್ಲ. ಅಲ್ಲಿನ ಹಿರಣ್ಯಕಶಿಪು ಬೇರೆ ಯಾರೂ ಅಲ್ಲ, ಹಿರಣ್ಯಕಶಿಪುವೇ. 'ಬೊಂಬೆ ತಾನೆ, ಮಕ್ಕಳದ್ದೇ' ಅಂತ ನಾವು ಸುಲಭವಾಗಿ ಬಿಟ್ಟುಬಿಡುತ್ತೇವೆ. ಮಗುವಿಗೆ ಅದು ಇನ್ನೂ ಹತ್ತಿರ ಅನ್ನಿಸಬಹುದು.

ಭಾಷೆ ಗೊತ್ತಿಲ್ಲದೆ ಹೇಗೆ ಹೇಳುವುದು?

ಕನ್ನಡದ ಮನೆಗಳಿಗೆ ಇನ್ನೊಂದು ತೊಡಕಿತ್ತು. 1960ರ ದಶಕದ ಆರಂಭದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಅದರ ಮುಂದಾಳು ಅ.ನ.ಕೃ. ಅವರ ಹೆಸರಿನ ಮೊದಲ 'ಅ' ನಮ್ಮ ಅರಕಲಗೂಡೇ. ಬೇರೆ ಭಾಷೆಯ ಸಿನಿಮಾಗಳ ಎದುರು ಕನ್ನಡ ಚಿತ್ರರಂಗ ಇನ್ನೂ ಎಳೆಯದಿದ್ದ ಕಾಲ ಅದು. ನಮ್ಮ ಕಲಾವಿದರಿಗೂ ಕಾರ್ಮಿಕರಿಗೂ ಕೆಲಸ ಉಳಿಯಲಿ ಅನ್ನುವ ಅವರ ಕಾಳಜಿಗೆ ಅರ್ಥವಿತ್ತು. ಆದರೆ ಕಾನೂನಿನಲ್ಲಿ ಇಲ್ಲದ ಆ ಕಟ್ಟುಪಾಡು ಸುಮಾರು ಐವತ್ತು ವರ್ಷ ನಡೆಯಿತು.

ಅದರ ಒಂದು ಪರಿಣಾಮ ಮಕ್ಕಳ ಮೇಲಾಯಿತು. ಹೊರಗಿನ ಬೊಂಬೆ ಸಿನಿಮಾಗಳು ಕನ್ನಡದಲ್ಲಿ ಬರಲಿಲ್ಲ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಮನೆಯಲ್ಲಿ ಕನ್ನಡ ಮಾತಾಡಿದವು. ಅದಕ್ಕೆ ಮೊದಲು ಮಕ್ಕಳು ಹಿಂದಿ, ಇಂಗ್ಲಿಷ್ ಕಾರ್ಟೂನನ್ನು ಅರ್ಥವಾದಷ್ಟು ನೋಡುತ್ತಿದ್ದವು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಅದು ಬರೀ ಗಲಾಟೆ. ಏನು ಹೇಳುತ್ತಿದ್ದಾರೆ ಅಂತ ಗೊತ್ತಾಗದಿದ್ದರೆ ಮಗುವಿಗೆ ಆಗುತ್ತಾ ಇಲ್ವಾ ಅಂತ ಹೇಗೆ ಹೇಳುವುದು?

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು. 2017ರಿಂದ ಡಬ್ ಆದ ಸಿನಿಮಾಗಳು ಮತ್ತೆ ಬರತೊಡಗಿದವು. 'ಮಹಾವತಾರ್ ನರಸಿಂಹ' ಕನ್ನಡದಲ್ಲಿ ನಮ್ಮೂರಿನವರೆಗೆ ಬಂದದ್ದು ಈ ದಾರಿಯಲ್ಲೇ. ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ಜಗಳ ಮುಗಿದಿಲ್ಲ. ಆದರೆ ದುದ್ದದ ಅಜ್ಜಿಯೊಬ್ಬಳು ಮೊಮ್ಮಗನ ಜೊತೆ ಕೂತು 'ಈ ಮಾತು ಸರಿಯಿಲ್ಲ ಕಣೋ' ಅಂತ ಹೇಳಲು ಸಾಧ್ಯವಾದದ್ದು ಸಿನಿಮಾ ಅವಳ ಭಾಷೆಯಲ್ಲಿ ಬಂದಾಗಲೇ.

ಎರಡನೇ ಭಾಗ ಬೇರೆಯೇ ಸಿನಿಮಾ

ಮುಂದುವರಿದ ಭಾಗಗಳ ವಿಷಯದಲ್ಲಿ ನಾವು ಒಂದು ಕಡೆ ಎಡವುತ್ತೇವೆ. ಮೊದಲನೆಯದು ಚೆನ್ನಾಗಿತ್ತು, ಹಾಗಾಗಿ ಇದೂ ಆಗುತ್ತದೆ ಅಂದುಕೊಂಡು ಟಿಕೆಟ್ ತೆಗೆಸುತ್ತೇವೆ.

2005ರಲ್ಲಿ ಹಿಂದಿಯಲ್ಲಿ 'ಹನುಮಾನ್' ಎಂಬ ಅನಿಮೇಷನ್ ಸಿನಿಮಾ ಬಂತು. ವಿ. ಜಿ. ಸಾಮಂತ್ ನಿರ್ದೇಶಿಸಿದ ಅದರಲ್ಲಿ ಇದ್ದದ್ದು ನಮಗೆ ಗೊತ್ತಿರುವ ಪುರಾಣವೇ. ಅದು ಗೆದ್ದಿದ್ದರಿಂದ 2007ರಲ್ಲಿ 'ರಿಟರ್ನ್ ಆಫ್ ಹನುಮಾನ್' ಬಂತು. ಅದರ ನಿರ್ದೇಶಕ ಅನುರಾಗ್ ಕಶ್ಯಪ್. ಮುಂಬೈ ಬಾಂಬ್ ಸ್ಫೋಟದ ಮೇಲೆ ಅವರು ಮಾಡಿದ್ದ 'ಬ್ಲ್ಯಾಕ್ ಫ್ರೈಡೇ' ಬಿಡುಗಡೆಯಾದದ್ದೂ ಅದೇ ವರ್ಷ. ಎರಡನೇ ಭಾಗದಲ್ಲಿ ಹನುಮಂತ ಈ ಕಾಲದ ಹಳ್ಳಿಯಲ್ಲಿ ಮಾರುತಿ ಎಂಬ ಹುಡುಗನಾಗಿ ಹುಟ್ಟಿ ಶಾಲೆಗೆ ಹೋಗುತ್ತಾನೆ. ಹೆಸರು ಅದೇ, ಸಿನಿಮಾ ಬೇರೆ.

ಹೊರದೇಶದಲ್ಲೂ ಹೀಗೇ. 2015ರ 'ಇನ್‌ಸೈಡ್ ಔಟ್' ಹನ್ನೊಂದು ವರ್ಷದ ಹುಡುಗಿಯ ಮನಸ್ಸಿನ ಕತೆ. 2024ರ ಎರಡನೇ ಭಾಗದಲ್ಲಿ ಅವಳಿಗೆ ಹದಿಮೂರು. ಹರೆಯದ ಆತಂಕವೇ ಅಲ್ಲಿ ಒಂದು ಪಾತ್ರ. ಮೊದಲ ಭಾಗ ಇಷ್ಟಪಟ್ಟ ಆರು ವರ್ಷದ ಮಗುವಿಗೆ ಎರಡನೆಯದು ದಕ್ಕಲೇಬೇಕು ಅಂತೇನಿಲ್ಲ. ಕಾನೂನಿಗೂ ಇದು ಗೊತ್ತು. ಪ್ರತಿ ಭಾಗಕ್ಕೂ ಪ್ರಮಾಣಪತ್ರ ಬೇರೆ ಬೇರೆ.

ಮಂಡಳಿ ಕೊಡುವ ಅಕ್ಷರವನ್ನೂ ಜನ ಒಪ್ಪಿಯೇ ಬಿಡುತ್ತಾರೆ ಅಂತಲ್ಲ. 2016ರಲ್ಲಿ 'ದಿ ಜಂಗಲ್ ಬುಕ್'ಗೆ 'ಯುಎ' ಕೊಟ್ಟರು. ಅದರ ತ್ರೀಡಿ ಪ್ರಾಣಿಗಳು ಮಕ್ಕಳ ಮೇಲೆರಗಿ ಬಂದಂತೆ ಕಾಣುತ್ತವೆ ಎಂಬುದು ಆಗಿನ ಅಧ್ಯಕ್ಷರ ವಾದ. ಮೋಗ್ಲಿಯ ಕತೆಗೂ ಎಚ್ಚರಿಕೆಯೇ ಅಂತ ಜನ ನಕ್ಕರು. ಆದರೆ ಕತೆ ಸೌಮ್ಯವಾಗಿದ್ದರೂ ತೋರಿಸುವ ರೀತಿ ಹೆದರಿಸಬಹುದು ಎಂಬ ಮಾತಿನಲ್ಲಿ ತಿರುಳಿದೆ. ಬೇಲೂರಿನ ನರಸಿಂಹನಿಗೂ ಸ್ಪೀಕರ್ ಗುಡುಗಿನ ನರಸಿಂಹನಿಗೂ ಇರುವ ವ್ಯತ್ಯಾಸ ಅದೇ.

ಈಗ ಕಾನೂನು ಏನು ಹೇಳುತ್ತದೆ?

2023ರ ತಿದ್ದುಪಡಿ 'ಯುಎ'ಯನ್ನು ಮೂರು ಮಾಡಿತು: ಯುಎ 7+, ಯುಎ 13+, ಯುಎ 16+. ಪೋಸ್ಟರಿನಲ್ಲಿ, ಸಿನಿಮಾ ಶುರುವಾಗುವ ಮೊದಲು ಕಾಣುವ ಪ್ರಮಾಣಪತ್ರದಲ್ಲಿ ಇದು ಇರುತ್ತದೆ. ಏಳು ವರ್ಷದ ಒಳಗಿನ ಮಗುವಿದ್ದರೆ 7+ ಕಂಡಾಗಲೇ ಯೋಚಿಸಿ ಅಂತ ಅರ್ಥ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತು ಈ ತಿದ್ದುಪಡಿಯಲ್ಲಿದೆ. ಯುಎ ವಯಸ್ಸಿನ ಗುರುತನ್ನು ಜಾರಿ ಮಾಡುವ ಅಧಿಕಾರ ತಂದೆ ತಾಯಿ ಅಥವಾ ಪೋಷಕರನ್ನು ಬಿಟ್ಟು ಬೇರೆ ಯಾರಿಗೂ ಇಲ್ಲ. 16+ ಸಿನಿಮಾಕ್ಕೆ ಹತ್ತು ವರ್ಷದ ಮಗುವನ್ನು ಕರೆದುಕೊಂಡು ಹೋದರೆ ಥಿಯೇಟರಿನವರು ತಡೆಯಬೇಕಾಗಿಲ್ಲ. ತಡೆ 'ಎ' ಸಿನಿಮಾಕ್ಕೆ ಮಾತ್ರ. ಅಂದರೆ ನೂರು ವರ್ಷ ಸುತ್ತಿ ಬಂದ ಕಾನೂನು ಕೊನೆಗೆ ತೀರ್ಮಾನವನ್ನು ಮನೆಯವರ ಕೈಗೆ ಕೊಟ್ಟಿದೆ.

ಫೋನಿನಲ್ಲಿ ನೋಡುವವರಿಗೆ 2021ರ ನಿಯಮಗಳಿವೆ. ಒಟಿಟಿಯವರು ಇದೇ ರೀತಿ ವಯಸ್ಸಿನ ಗುರುತು ಹಾಕಬೇಕು. 13+ ಮತ್ತು ಅದಕ್ಕೆ ಮೇಲಿನದಕ್ಕೆ ಪೋಷಕರು ಹಾಕಬಹುದಾದ ಲಾಕ್ ಕೊಡಬೇಕು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅದು ಸಿಗುತ್ತದೆ. ಆದರೆ ಯಾರೋ ಸಿನಿಮಾದಿಂದ ಕತ್ತರಿಸಿ ಹಾಕಿದ ರೀಲ್ಸ್‌ಗೆ ಯಾವ ಅಕ್ಷರವೂ ಇಲ್ಲ. ಪ್ರಹ್ಲಾದನ ಭಕ್ತಿ ಹೋಗಿ, ಹೊಟ್ಟೆ ಬಗೆಯುವ ಅರ್ಧ ನಿಮಿಷ ಮಾತ್ರ ಮತ್ತೆ ಮತ್ತೆ ಬರುತ್ತದೆ. ಮಗು ಅದನ್ನು ಒಬ್ಬನೇ ನೋಡುತ್ತದೆ. ಕಲ್ಲಿನ ಮುಂದೆ, ಬಯಲಿನಲ್ಲಿ, ಥಿಯೇಟರಿನಲ್ಲಿ ಪಕ್ಕದಲ್ಲಿ ಇರುತ್ತಿದ್ದ ದೊಡ್ಡವರು ಇಲ್ಲಿ ಇಲ್ಲ.

ಪರಶುರಾಮ ಬರುವ ಮೊದಲು

ಪರಶುರಾಮನ ಕತೆ ನರಸಿಂಹನ ಕತೆಗಿಂತ ಕಷ್ಟದ್ದು. ನರಸಿಂಹ ಬರುವುದು ಮಗುವನ್ನು ಉಳಿಸಲು. ಪರಶುರಾಮ ಅಪ್ಪ ಜಮದಗ್ನಿಯ ಮಾತಿಗೆ ಕಟ್ಟುಬಿದ್ದು ತಾಯಿ ರೇಣುಕೆಯ ತಲೆ ಕಡಿಯುತ್ತಾನೆ. ಆಮೇಲೆ ಇಪ್ಪತ್ತೊಂದು ಸಲ ಕ್ಷತ್ರಿಯರ ಮೇಲೆ ಹೋಗುತ್ತಾನೆ. ಸವದತ್ತಿ ಎಲ್ಲಮ್ಮ, ಚಂದ್ರಗುತ್ತಿ ರೇಣುಕಾಂಬೆಯ ಭಕ್ತರಿರುವ ಈ ನಾಡಿಗೆ ಇದು ಹೊಸದಲ್ಲ. ಆದರೆ ಮಗುವಿಗೆ ಹೊಸದು. 'ಅಪ್ಪ ಹೇಳಿದರೆ ಅಮ್ಮನನ್ನು ಕಡಿಯಬಹುದಾ?' ಅಂತ ಅದು ಕೇಳಿದರೆ ಉತ್ತರ ನಮ್ಮ ಬಳಿ ಇರಬೇಕು. ಕುಡಿದು ಬಂದ ಅಪ್ಪ ಅಮ್ಮನಿಗೆ ಹೊಡೆಯುವುದನ್ನು ಕಂಡ ಮಗುವಿಗೆ ಆ ದೃಶ್ಯ ಬರೀ ಪುರಾಣವಾಗಿ ಉಳಿಯುವುದಿಲ್ಲ.

ಸಿನಿಮಾ ಇದನ್ನು ಹೇಗೆ ತೋರಿಸುತ್ತದೆ ಎಂಬುದನ್ನು ಬಂದ ಮೇಲೆ ನೋಡೋಣ. ಬೇಡ ಅನ್ನಲು ಈಗಲೇ ಕಾರಣವಿಲ್ಲ. ಹೆಸರು ನೋಡಿ ಹೂಂ ಅನ್ನಲೂ ಇಲ್ಲ. ಪೋಸ್ಟರಿನಲ್ಲಿರುವ ವಯಸ್ಸಿನ ಗುರುತು ನೋಡಿ. ಮನೆಯ ದೊಡ್ಡವರೊಬ್ಬರು ಮೊದಲು ನೋಡಿ ಬರಲಿ, ಆಗದಿದ್ದರೆ ನೋಡಿ ಬಂದವರನ್ನು ಕೇಳಿ. ಐದು ವರ್ಷದ ತಂಗಿಗೂ ಹನ್ನೊಂದರ ಅಣ್ಣನಿಗೂ ಒಂದೇ ಉತ್ತರ ಇರಬೇಕಾಗಿಲ್ಲ. ಅಣ್ಣ ಹೋಗಿ ಬರಲಿ, ತಂಗಿಗೆ ಎರಡು ವರ್ಷ ಬಿಟ್ಟು ತೋರಿಸಿದರೆ ಏನೂ ಹೋಗುವುದಿಲ್ಲ. ಮಧ್ಯದಲ್ಲಿ ಮಗು ಎದ್ದು ಹೋಗೋಣ ಅಂದರೆ ಟಿಕೆಟ್ ದುಡ್ಡು ಹೋಯಿತು ಅಂತ ಹಿಡಿದು ಕೂರಿಸಬೇಡಿ.

2027 ಬರುವುದರೊಳಗೆ ಇನ್ನೊಂದು ಕೆಲಸ ಮಾಡಬಹುದು. ರೇಣುಕೆಯ ಕತೆಯನ್ನು ಮನೆಯಲ್ಲೇ ಮೊದಲು ಹೇಳಿ. ಅಪ್ಪ ವರ ಕೇಳು ಅಂದಾಗ ಪರಶುರಾಮ ಮೊದಲು ಕೇಳಿದ್ದು ತಾಯಿಯ ಜೀವವನ್ನೇ, ರೇಣುಕೆ ನಿದ್ದೆಯಿಂದ ಎದ್ದವಳಂತೆ ಎದ್ದು ಕೂತಳು ಅನ್ನುವುದನ್ನೂ ಸೇರಿಸಿ ಹೇಳಿ. ಹೇಳುವಾಗ ಮಗುವಿನ ಮುಖ ನೋಡಿ. ಸಿನಿಮಾಕ್ಕೆ ಕರೆದುಕೊಂಡು ಹೋಗಬೇಕೋ ಬೇಡವೋ ಅನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ.