ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದವರು: ಯಲಹಂಕ, ಹೆಬ್ಬಾಳದ ಸೈಟುಗಳ ಕಥೆ

ನಮ್ಮ ತಂಡದ ಒಬ್ಬರ ದೊಡ್ಡಪ್ಪನ ಮನೆಯ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ನಾಲ್ಕು ಕಾಗದ: ಒಂದು ಜಿಪಿಎ, ಒಂದು ಕ್ರಯದ ಕರಾರು, ಒಂದು ಅಫಿಡವಿಟ್, ದುಡ್ಡು ಕೊಟ್ಟ ರಶೀದಿ. 90ರ ದಶಕದಲ್ಲಿ ಊರಿನ ಜಮೀನು ಮಾರಿ ಯಲಹಂಕದ ಆಚೆ 30×40 ಸೈಟು ಕೊಂಡಿದ್ದಕ್ಕೆ ಇರುವ ಸಾಕ್ಷಿ ಇಷ್ಟೇ. ಎಷ್ಟೋ ವರ್ಷಗಳ ನಂತರ ಮಗ ಅಲ್ಲಿ ಮನೆ ಕಟ್ಟಲು ಸಾಲ ಕೇಳಿದ. ಬ್ಯಾಂಕಿನವರು ಕೇಳಿದ್ದು ಐದನೇ ಕಾಗದವನ್ನು: ನೋಂದಣಿಯಾದ ಕ್ರಯಪತ್ರ. ಅದು ಇರಲಿಲ್ಲ. ಜಿಪಿಎ ಬರೆದುಕೊಟ್ಟವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಕ್ಕಳು, "ನಾವು ಸಹಿ ಹಾಕಬೇಕಾದರೆ ಈಗಿನ ರೇಟಿಗೆ ಮಾತಾಡಿ" ಅಂದರು.

ದೊಡ್ಡಪ್ಪ ದಡ್ಡರೇನಲ್ಲ. ಆ ಕಾಲದಲ್ಲಿ ಸಾವಿರಾರು ಜನ ಹೀಗೇ ಕೊಂಡರು. ಯಾಕೆ ಕೊಂಡರು ಅಂತ ತಿಳಿಯಬೇಕಾದರೆ ಬೆಂಗಳೂರು ಉತ್ತರ ಭಾಗ ಬೆಳೆದ ರೀತಿಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಇವತ್ತು ನಿಮ್ಮ ಫೋನಿಗೆ "ಏರ್‌ಪೋರ್ಟ್ ಹತ್ತಿರ ಸೈಟು, ಕಂತಿನಲ್ಲಿ ಕಟ್ಟಿ" ಅಂತ ಬರುವ ಮೆಸೇಜಿಗೂ ಆ ಕಥೆಗೂ ನೇರ ಸಂಬಂಧ ಇದೆ.

ಸೈಟು ಕಡಿಮೆ, ಕೇಳುವವರು ಹೆಚ್ಚು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಹೋಗಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಮಾಡಿದರು. ಅಳತೆ ಹಾಕಿದ ರಸ್ತೆ, ಚರಂಡಿ, ನಂಬರು ಹಾಕಿದ ನಿವೇಶನ. ಮಲ್ಲೇಶ್ವರದ ಪಕ್ಕದ ಯಶವಂತಪುರ ಆಗಿನ್ನೂ ಊರಾಚೆಯ ಹಳ್ಳಿ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಸರ್ಕಾರ ರೈತರ ಜಮೀನು ಸ್ವಾಧೀನ ಮಾಡಿಕೊಳ್ಳುವುದು, ಬಡಾವಣೆ ಮಾಡುವುದು, ಸೈಟು ಹಂಚುವುದು: ಇದು ಪದ್ಧತಿ. ಕರ್ನಾಟಕ ಗೃಹ ಮಂಡಳಿ ಯಲಹಂಕದಲ್ಲಿ ಉಪನಗರವನ್ನೇ ಕಟ್ಟಿತು. ಕಾಗದ ಗಟ್ಟಿ, ಬೆಲೆಯೂ ಕೈಗೆ ಎಟುಕುವಂಥದ್ದು.

ಆದರೆ ಅರ್ಜಿ ಹಾಕಿದವರಿಗೆಲ್ಲ ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಕಾದವರಿಗೆ ಎರಡು ದಾರಿ ಕಂಡವು. ಒಂದು, ಗೃಹ ನಿರ್ಮಾಣ ಸಹಕಾರ ಸಂಘದ ಸದಸ್ಯರಾಗುವುದು. ಇನ್ನೊಂದು, ಕಂದಾಯ ನಿವೇಶನ, ಅಂದರೆ ರೆವಿನ್ಯೂ ಸೈಟು.

ಸಂಘಗಳಲ್ಲಿ ಕೆಲವು ಒಳ್ಳೆಯ ಬಡಾವಣೆ ಮಾಡಿವೆ. ಕೆಲವು ಕೋರ್ಟಿನಲ್ಲಿ ಮುಗ್ಗರಿಸಿದವು. ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘಕ್ಕಾಗಿ ಆದ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಒಪ್ಪಲಿಲ್ಲ. ಜಮೀನು ಕೊಡಿಸುವ ಕೆಲಸವನ್ನು ಮಧ್ಯವರ್ತಿಗೆ ವಹಿಸಿದ್ದು ಅಲ್ಲಿ ದೊಡ್ಡ ಪ್ರಶ್ನೆಯಾಯಿತು. ಹೆಬ್ಬಾಳಕ್ಕೆ ಹತ್ತಿರದ ನಾಗವಾರದಲ್ಲಿ ವೈಯಾಲಿಕಾವಲ್ ಗೃಹ ನಿರ್ಮಾಣ ಸಂಘಕ್ಕಾಗಿ ಆದ ಸ್ವಾಧೀನವೂ 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಸ್ವಾಧೀನವೇ ಬಿದ್ದರೆ ಅದರ ಮೇಲೆ ಹಂಚಿದ ಸೈಟಿನ ಗತಿ ಏನು? ಸದಸ್ಯನ ಕೈಯಲ್ಲಿ ಹಂಚಿಕೆ ಪತ್ರ ಇರುತ್ತದೆ, ಕಾಲಡಿಯ ನೆಲ ಇರುವುದಿಲ್ಲ.

ಜಿಪಿಎ ಎಂಬ ಅಗ್ಗದ ದಾರಿ

ರೆವಿನ್ಯೂ ಸೈಟು ಅಂದರೇನು ಅಂತ ಹಳ್ಳಿಯವರಾದ ನಮಗೆ ಬೇಗ ಅರ್ಥವಾಗುತ್ತದೆ. ಹೊಲಕ್ಕೆ ಪಹಣಿ ಇರುತ್ತದೆ. ಅದರಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಭೂಪರಿವರ್ತನೆ ಆಗಬೇಕು, ಆಮೇಲೆ ಬಡಾವಣೆಯ ನಕ್ಷೆಗೆ ಮಂಜೂರಾತಿ ಬೇಕು. ಇದ್ಯಾವುದೂ ಇಲ್ಲದೆ ಹೊಲಕ್ಕೆ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು ಮಾರಿದ್ದು ರೆವಿನ್ಯೂ ಸೈಟು. ಪಾರ್ಕಿಗೆ ಜಾಗ ಬಿಡಬೇಕಿಲ್ಲ, ಅಗಲದ ರಸ್ತೆ ಬೇಕಿಲ್ಲ, ಆದ್ದರಿಂದ ಬೆಲೆ ಕಡಿಮೆ. ಎಷ್ಟೋ ಕಡೆ ಕ್ರಯಪತ್ರದ ಬದಲು ಜಿಪಿಎ ಮತ್ತು ಕರಾರಿನಲ್ಲೇ ವ್ಯವಹಾರ ಮುಗಿಯುತ್ತಿತ್ತು. ಮುದ್ರಾಂಕ ಶುಲ್ಕ ಉಳಿಯಿತು ಅಂತ ಇಬ್ಬರಿಗೂ ಖುಷಿ.

ಆ ಉಳಿತಾಯದ ಲೆಕ್ಕವನ್ನು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್ 11ರಂದು ಮುಗಿಸಿತು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಅದು ಹೇಳಿದ್ದರ ಸಾರ ಇಷ್ಟು: ಜಿಪಿಎ, ಕರಾರು, ಉಯಿಲು ಇವುಗಳಿಂದ ಮಾಲೀಕತ್ವ ಕೈ ಬದಲಾಗುವುದಿಲ್ಲ. ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಕ್ರಯಪತ್ರದಿಂದ ಮಾತ್ರ. ಜಿಪಿಎ ಅಂದರೆ ನನ್ನ ಪರವಾಗಿ ನೀನು ಕೆಲಸ ಮಾಡು ಅಂತ ಕೊಟ್ಟ ಅಧಿಕಾರ. ಸಾಮಾನ್ಯವಾಗಿ ಕೊಟ್ಟವನು ಸತ್ತರೆ ಆ ಅಧಿಕಾರವೂ ಮುಗಿಯುತ್ತದೆ. ದೊಡ್ಡಪ್ಪನಿಗೆ ಆಗಿದ್ದು ಇದೇ.

ಅರ್ಕಾವತಿ: ಸರ್ಕಾರಿ ಸೈಟಿನಲ್ಲೂ ಕಾಯುವಿಕೆ

ಹಾಗಾದರೆ ಸರ್ಕಾರದ ಸೈಟು ಕೊಂಡರೆ ನಿಶ್ಚಿಂತೆಯೇ? ಹೆಬ್ಬಾಳ, ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಸಂಪಿಗೇಹಳ್ಳಿ ಸೇರಿ 16 ಹಳ್ಳಿಗಳ 3,339 ಎಕರೆಗೆ ಬಿಡಿಎ 2003ರ ಫೆಬ್ರವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಹೆಸರು ಅರ್ಕಾವತಿ ಬಡಾವಣೆ. 2004ರ ಫೆಬ್ರವರಿಯ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಗೆ ಇಳಿಯಿತು. ಜಮೀನು ಕಳೆದುಕೊಂಡವರು ಕೋರ್ಟಿಗೆ ಹೋದರು. 2005ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಸ್ವಾಧೀನವನ್ನು ರದ್ದು ಮಾಡಿತು, ಅದೇ ವರ್ಷ ವಿಭಾಗೀಯ ಪೀಠ ಷರತ್ತು ಹಾಕಿ ಎತ್ತಿ ಹಿಡಿಯಿತು. ಸುಪ್ರೀಂ ಕೋರ್ಟಿನ ತೀರ್ಪು ಬರುವಾಗ 2010ರ ಮೇ ತಿಂಗಳು. ಅಲ್ಲಿಗೂ ಮುಗಿಯಲಿಲ್ಲ. ಯಾವ ಜಮೀನನ್ನು ಯಾಕೆ ಬಿಟ್ಟರು ಎಂಬ ಡೀನೋಟಿಫಿಕೇಶನ್ ಗಲಾಟೆಗೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ನೇಮಕವಾಯಿತು.

ಈ ನಡುವೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ, ಬಳ್ಳಾರಿ ರಸ್ತೆಯ ಎರಡೂ ಕಡೆ ನೆಲದ ಬೆಲೆ ಏರುತ್ತಾ ಹೋಯಿತು. ಹೊಲ ಕೊಟ್ಟ ರೈತ ಪರಿಹಾರಕ್ಕೆ ಅಲೆದ, ಸೈಟು ಸಿಕ್ಕವನು ಸ್ವಾಧೀನಕ್ಕೆ ಅಲೆದ. ಇದರಿಂದ ತಿಳಿಯಬೇಕಾದ್ದು ಒಂದೇ: ಮಾರುವವರು ಯಾರೇ ಇರಲಿ, ಆ ಸರ್ವೆ ನಂಬರಿನ ಮೇಲೆ ಅಧಿಸೂಚನೆ ಇದೆಯೇ, ಕೇಸು ಇದೆಯೇ ಅಂತ ನಾವೇ ನೋಡಬೇಕು.

ಬಿ ಖಾತೆ ಎಲ್ಲಿಂದ ಬಂತು?

2007ರ ಜನವರಿಯಲ್ಲಿ ಬಿಬಿಎಂಪಿ ಹುಟ್ಟಿತು. ಯಲಹಂಕ, ಬ್ಯಾಟರಾಯನಪುರ ಸೇರಿ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಒಂದೇ ಪಾಲಿಕೆಗೆ ಸೇರಿದವು. ಸಾವಿರಾರು ರೆವಿನ್ಯೂ ಸೈಟುಗಳಲ್ಲಿ ಆಗಲೇ ಮನೆಗಳಿದ್ದವು. ಅವುಗಳಿಂದ ತೆರಿಗೆ ಬೇಕು, ಆದರೆ ಸಕ್ರಮ ಅಂತ ಒಪ್ಪುವಂತಿಲ್ಲ. ಅದಕ್ಕೆ ಬೇರೆ ಪುಸ್ತಕ ಇಟ್ಟರು, ಅದೇ ಬಿ ವಹಿ. ಜನರ ಬಾಯಲ್ಲಿ ಬಿ ಖಾತೆ. ಕಟ್ಟಿದ ತೆರಿಗೆ ರಶೀದಿಯನ್ನು ಹಕ್ಕುಪತ್ರ ಅಂತ ತಿಳಿದವರು ಅಲ್ಲೇ ಎಡವಿದರು. ಎ ಖಾತೆ ಕೂಡ ತೆರಿಗೆಯ ದಾಖಲೆಯೇ, ಮಾಲೀಕತ್ವ ನಿಲ್ಲುವುದು ಕ್ರಯಪತ್ರದ ಮೇಲೆ.

"ಹೇಗೂ ಅಕ್ರಮ-ಸಕ್ರಮ ಬರುತ್ತೆ, ಆಗ ಸರಿ ಮಾಡಿಸೋಣ" ಎನ್ನುವ ಮಾತನ್ನು ದಲ್ಲಾಳಿಗಳು ವರ್ಷಗಟ್ಟಲೆ ಹೇಳಿದರು. ಯೋಜನೆಯ ನಿಯಮಗಳು 2014ರಲ್ಲಿ ಬಂದವು, 2016ರ ಕೊನೆಗೆ ಹೈಕೋರ್ಟ್ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮುಂದೆ ಬರುವ ಯೋಜನೆ ನಂಬಿ ಇವತ್ತು ದುಡ್ಡು ಕೊಡುವುದು ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ.

ಕೆರೆ ಮರೆಯುವುದಿಲ್ಲ

ಕಾಗದ ಸರಿಯಿದ್ದರೂ ನೆಲ ಸರಿಯಿರಬೇಕು. ಕೆರೆಯಿಂದ ಕೆರೆಗೆ ನೀರು ಹರಿಯಲಿ ಅಂತ ಹಿರಿಯರು ರಾಜಕಾಲುವೆ ಮಾಡಿದ್ದರು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟಿನ ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಪಾಡು. ಅದೇ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರು ಟ್ಯಾಂಕರಿಗೆ ಕಾದಿತ್ತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, 17 ವರ್ಷದ ಮೇಲೆ. ಅಷ್ಟು ಕಾಲ ಟ್ಯಾಂಕರಿಗೆ ಕೊಟ್ಟದ್ದನ್ನೂ ಮನೆಯ ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಹೋಗಿ ಸೈಟು ನೋಡಿ ಅನ್ನುವುದು ಅದಕ್ಕೇ.

ರೇರಾ ಕೊಟ್ಟ ಬಲ

ಫ್ಲಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಬಂತು, ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿ ಆಗಲೇಬೇಕು. ಸೈಟಿನ ಬಡಾವಣೆಗೂ ಇದು ಅನ್ವಯ. ನೋಂದಾಯಿತ ಕರಾರು ಮಾಡಿಕೊಳ್ಳದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. ಕೊಂಡವರ ಹಣದಲ್ಲಿ ಶೇ 70 ಭಾಗ ಬೇರೆ ಖಾತೆಯಲ್ಲಿ ಇರಬೇಕು. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಗೋಡೆ ಬಿರುಕು ಬಿಟ್ಟಾಗ, ತಾರಸಿ ಸೋರಿದಾಗ ಮೇಸ್ತ್ರಿಯನ್ನು ಕರೆಯುವ ಮೊದಲು ಫೋಟೋ ತೆಗೆದು, ದಿನಾಂಕ ಹಾಕಿ, ಬಿಲ್ಡರಿಗೆ ಬರಹದಲ್ಲಿ ದೂರು ಕೊಡಿ. ಸುಮ್ಮನೆ ಕೈಯಿಂದ ಖರ್ಚು ಮಾಡಿದರೆ ಆ ಹಕ್ಕು ಕಳೆದ ಹಾಗೇ.

ಮುಂಗಡ ಕೊಡುವ ಮೊದಲು

ಇವತ್ತು ನಮಗಿರುವ ಅನುಕೂಲ ದೊಡ್ಡಪ್ಪನಿಗೆ ಇರಲಿಲ್ಲ. ಪಹಣಿ ಭೂಮಿ ಜಾಲತಾಣದಲ್ಲಿ ಸಿಗುತ್ತದೆ. ದಿಶಾಂಕ್ ಆ್ಯಪ್ ತೆಗೆದು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಹತ್ತಿರ ಕೆರೆ, ಕಾಲುವೆ ಇದ್ದರೆ ಗೊತ್ತಾಗುತ್ತದೆ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಅಡಮಾನ ಇದೆಯೇ ಎಂದು ನೋಡಲು ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಬಹುದು. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ನಿಂತು ಯೋಚಿಸಿ. ಬೆಂಗಳೂರು ನಗರದಲ್ಲಿ 2024ರ ಕೊನೆಯಿಂದ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ.

ಇನ್ನೆರಡು ಪ್ರಶ್ನೆ ಹಳ್ಳಿಯಲ್ಲಿ ಬೆಳೆದವರೇ ಚೆನ್ನಾಗಿ ಕೇಳಬಲ್ಲರು. ಈ ಜಮೀನು ಪರಿಶಿಷ್ಟರಿಗೆ ದರಖಾಸ್ತಿನಲ್ಲಿ ಮಂಜೂರಾದದ್ದೇ? ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಎರಡನೆಯದು, ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ? ವಂಶವೃಕ್ಷ ನೋಡಿ, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಹುಡುಕಿ.

ಖರ್ಚಿನ ಮಾತು. ಸೈಟಿನ ನೋಂದಣಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಸೇರಿ ಶೇ 7.6ರ ಹತ್ತಿರ. 40 ಲಕ್ಷದ ಸೈಟಿಗೆ 3 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಇದನ್ನು ಮೊದಲೇ ಬಜೆಟ್ಟಿನಲ್ಲಿ ಇಡಿ, ವಕೀಲರ ಫೀಸನ್ನೂ ಇಡಿ. ವಕೀಲರನ್ನು ನೀವೇ ಹುಡುಕಿ, ಮಾರುವವರು ಕಳಿಸಿದವರು ಬೇಡ. ದುಡ್ಡು ಉಳಿಸಬೇಕಾದರೆ ಬೆಲೆಯಲ್ಲಿ ಚೌಕಾಸಿ ಮಾಡಿ, ಇಟ್ಟಿಗೆ-ಸಿಮೆಂಟಿನ ರೇಟು ನಾಲ್ಕು ಕಡೆ ಕೇಳಿ. ಕಾಗದದಲ್ಲಿ ಉಳಿಸಬೇಡಿ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂದ ಹಿರಿಯರ ಕಾಲದಲ್ಲಿ ಮನೆ ಕಟ್ಟುವುದಷ್ಟೇ ಕಷ್ಟವಿತ್ತು, ಕಾಲಡಿಯ ನೆಲ ತಮ್ಮದೇ ಅನ್ನುವುದು ಊರಿಗೆಲ್ಲ ಗೊತ್ತಿರುತ್ತಿತ್ತು. ನಗರದಲ್ಲಿ ಊರಿನ ಸಾಕ್ಷಿ ನಡೆಯುವುದಿಲ್ಲ, ಕಾಗದವೇ ಸಾಕ್ಷಿ. ದೊಡ್ಡಪ್ಪ ಕೊನೆಗೆ ವಾರಸುದಾರರ ಜೊತೆ ಮಾತಾಡಿ ಇನ್ನೊಂದಷ್ಟು ದುಡ್ಡು ಕೊಟ್ಟು, ಅವರೆಲ್ಲರ ಸಹಿಯೊಂದಿಗೆ ಕ್ರಯಪತ್ರ ಮಾಡಿಸಿಕೊಂಡರು. ಆ ದುಡ್ಡಿಗಾಗಿ ಊರಲ್ಲಿ ಉಳಿದಿದ್ದ ಅರ್ಧ ಎಕರೆಯೂ ಹೋಯಿತು. ಒಂದೇ ಸೈಟಿಗೆ ಎರಡು ಸಲ ಜಮೀನು ಮಾರಿದವರು ಅವರು. ನಿಮ್ಮ ಮನೆಯ ಬೀರುವಿನಲ್ಲೂ ಅಂಥ ಕವರ್ ಇದ್ದರೆ, ಬರೆದುಕೊಟ್ಟವರು ಇನ್ನೂ ಬದುಕಿರುವಾಗಲೇ ಒಮ್ಮೆ ತೆಗೆದು ನೋಡಿ.