ಗರ್ಭದ ಕರುವಿನ ಋಣ

ಉಪ್ಪಿನಬೆಟಗೇರಿಯ ನಮ್ಮ ಮನೆಯಲ್ಲಿ ಆಕಳು ಈದ ರಾತ್ರಿ ಮಕ್ಕಳಾದ ನಮಗೆ ಗಿಣ್ಣದ ಆಸೆ. “ಮೊದಲ ಕರಾ ಕುಡೀಲಿ, ಆಮ್ಯಾಲೆ ನಿಮಗ” ಎಂದು ಅವ್ವ ಗದರುತ್ತಿದ್ದಳು. ಆ ಮಾತಿನ ಹಿಂದಿದ್ದ ಸತ್ಯವನ್ನು ನಾನು ಅರಿತದ್ದು ಬಹಳ ತಡವಾಗಿ. ಹಳಗನ್ನಡ ಕಲಿಸಿದ ಮಾಸ್ತರನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಕಾರಣವನ್ನು ಕಡೆಗೆ ಹೇಳುತ್ತೇನೆ.

ಗರ್ಭದಲ್ಲಿರುವ ಕರುವಿಗೆ ಉಣ್ಣುವ ಚಿಂತೆಯಿಲ್ಲ. ತಾಯಿಯ ರಕ್ತದ ಸಕ್ಕರೆ ಹೊಕ್ಕುಳಬಳ್ಳಿಯ ಮೂಲಕ ಹರಿದುಬರುತ್ತದೆ. ಬಳ್ಳಿ ಹರಿದೊಡನೆ ಅದರದು ಬೇರೆ ಸಂಸಾರ. ಸಕ್ಕರೆಯನ್ನು ತಗ್ಗಿಸುವ ಇನ್ಸುಲಿನ್ ಇಳಿಯಬೇಕು, ಅದರ ಎದುರಾಳಿಯಾದ ಗ್ಲುಕಗಾನ್ ಏರಬೇಕು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗಬೇಕು. ಆ ಗಂಟು ಬಹಳ ಹೊತ್ತು ಬಾಳದು. ಆಮೇಲೆ ಗಿಣ್ಣದ ಹಾಲೇ ಗತಿ.

ಇನ್ಸುಲಿನ್ನಿನ ಚರಿತ್ರೆಯಲ್ಲಿಯೂ ಇಂಥ ಕರುವೊಂದು ಬಂದುಹೋಗುತ್ತದೆ. ಮೇದೋಜೀರಕ ಗ್ರಂಥಿಯೊಳಗಿನ ಕಣದ್ವೀಪಗಳನ್ನು 1869ರಲ್ಲಿ ಕಂಡವನು ಲ್ಯಾಂಗರ್‌ಹಾನ್ಸ್. 1893ರಲ್ಲಿ ಅವಕ್ಕೆ ಅವನ ಹೆಸರಿಟ್ಟವನು ಫ್ರಾನ್ಸಿನ ಲಾಗೆಸ್. ಎಳೆಯ ಜೀವಿಗಳಲ್ಲಿ ಈ ದ್ವೀಪಗಳ ಪಾಲು ಹೆಚ್ಚೆಂದೂ ಲಾಗೆಸ್ ಗುರುತಿಸಿದ್ದನು. 1921ರಲ್ಲಿ ಟೊರಾಂಟೋದ ಬ್ಯಾಂಟಿಂಗ್ ಮತ್ತು ಬೆಸ್ಟ್, ಜೀರ್ಣರಸವು ದ್ವೀಪಗಳ ಸಾರವನ್ನು ಕೆಡಿಸುತ್ತದೆಂದು ಬಗೆದು, ನಾಯಿಗಳ ಗ್ರಂಥಿನಾಳ ಕಟ್ಟಿ ವಾರಗಟ್ಟಲೆ ಕಾಯುತ್ತಿದ್ದರು. ಆ ಭಯ ಅತಿಯಾದದ್ದು; ಆದರೂ ಆ ತಪ್ಪೇ ದಾರಿ ತೋರಿತು. ಗರ್ಭದಲ್ಲಿ ಜೀರ್ಣರಸ ಮೂಡುವ ಮೊದಲೇ ದ್ವೀಪಗಳು ಬಲಿತಿರುತ್ತವೆಂದು ನವೆಂಬರಿನಲ್ಲಿ ಬ್ಯಾಂಟಿಂಗನಿಗೆ ಹೊಳೆಯಿತು. ಒಕ್ಕಲಿಗನ ಮಗನಾದ ಅವನಿಗೆ, ಆಕಳು ಮೈತುಂಬಲೆಂದು ಗಬ್ಬ ಮಾಡಿಸಿ ಕಸಾಯಿಖಾನೆಗೆ ಮಾರುವ ರೂಢಿ ಗೊತ್ತಿತ್ತು. ಅಲ್ಲಿಂದ ತಂದ ಗರ್ಭದ ಕರುಗಳ ಗ್ರಂಥಿಯ ಸಾರ ನಾಯಿಗಳ ರಕ್ತದ ಸಕ್ಕರೆಯನ್ನು ಇಳಿಸಿತು. ಮರುತಿಂಗಳಲ್ಲೇ ಮದ್ಯಸಾರದ ನೆರವಿನಿಂದ ಬೆಳೆದ ದನಗಳ ಗ್ರಂಥಿಯೂ ಫಲಕೊಟ್ಟಿತು. ಕರು ಕಥೆಯಿಂದ ಮರೆಯಾಯಿತು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲೆನಾರ್ಡ್ ಥಾಮ್ಸನ್‌ಗೆ ಚುಚ್ಚಿದ ಮೊದಲ ಮದ್ದು ನಿರಾಶೆಗೊಳಿಸಿತು. ಕಾಲಿಪ್ ಶುದ್ಧಗೊಳಿಸಿದ ಮದ್ದು 23ರಿಂದ ಹುಡುಗನನ್ನು ಉಳಿಸಿತು.

ಇಂದು ಬೆಂಗಳೂರಿನ ಬಯೋಕಾನ್ ಇನ್ಸುಲಿನ್ನನ್ನು ಯೀಸ್ಟಿನಿಂದ ತಯಾರಿಸುತ್ತದೆ, ದನದ ಹಂಗಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಹಾಗಿರಲಿಲ್ಲ. ಆಕಳಿಗೆ ಮೇವು ಹಾಕದೆ ಉಣ್ಣದ ಮನುಷ್ಯ ಅವರು. ಎಂಬತ್ತರ ದಶಕದಲ್ಲಿ ಅವರಿಗಾಗಿ ನಾನು ಧಾರವಾಡದಿಂದ ಒಯ್ಯುತ್ತಿದ್ದ ಸೀಸೆಯ ಮೇಲೆ, ಅದು ದನದ್ದೆಂದು ಇಂಗ್ಲಿಷಿನಲ್ಲಿ ಸಣ್ಣಗೆ ಅಚ್ಚಾಗಿರುತ್ತಿತ್ತು. ಅಪ್ಪನಿಗೆ ಇಂಗ್ಲಿಷು ಬಾರದು. ಅವರು ಕೇಳಲಿಲ್ಲ, ನಾನು ಓದಿ ಹೇಳಲಿಲ್ಲ.