ಒಲೆ ಹಚ್ಚದ ಅಡುಗೆ: ಪಾನಕ, ಕೋಸಂಬರಿ

ಚೈತ್ರ ಶುದ್ಧ ನವಮಿಯಂದು ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ನಡೆದು ಹೊರಟವರಿಗೆ ಬೀದಿಗೊಂದು ಕಡೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಸಿಗುತ್ತವೆ. ಹೋಳಿಗೆ, ಕಡುಬು, ಪಾಯಸಗಳ ಹಬ್ಬಗಳ ನಡುವೆ ರಾಮನವಮಿಯ ಈ ನೈವೇದ್ಯದ ವಿಶೇಷವೆಂದರೆ ಇದಕ್ಕೆ ಒಲೆ ಬೇಕಿಲ್ಲ. ಬೆಲ್ಲ ತಣ್ಣೀರಿನಲ್ಲಿ ಕರಗುತ್ತದೆ. ಹೆಸರುಬೇಳೆ ನೆನೆದೇ ಮೆತ್ತಗಾಗುತ್ತದೆ. ಸೌತೆಕಾಯಿ, ಮಾವಿನಕಾಯಿ, ತೆಂಗಿನತುರಿ ಹಸಿಯಾಗಿಯೇ ಬೆರೆಯುತ್ತವೆ. (ಸಾಸಿವೆಯ ಒಗ್ಗರಣೆ ಕೊಡುವ ಮನೆಗಳೂ ಇವೆ, ಕೂಡದೆನ್ನುವ ಮನೆಗಳೂ ಇವೆ. ಆ ವ್ಯಾಜ್ಯ ಇಲ್ಲಿ ಬೇಡ.)

ಇದಕ್ಕೆಲ್ಲ ಬಿಸಿಲೇ ಕಾರಣವೆಂದು ಹೇಳಿ ಮುಗಿಸಬಹುದು. ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ದೇಹಕ್ಕೆ ಮರಳಿಸುವ ತಿನಿಸುಗಳಿವು ಎಂಬುದು ನಿಜ. ಆದರೆ ಇವನ್ನು ಮನೆಯಲ್ಲಿ ಏಕೆ ಮಾಡುತ್ತಾರೆ ಎಂಬುದಕ್ಕಷ್ಟೇ ಅದು ಉತ್ತರ. ಬೀದಿಯಲ್ಲಿ ನಿಂತು ಏಕೆ ಹಂಚುತ್ತಾರೆ ಎಂಬುದಕ್ಕಲ್ಲ.

ಪಾನಕ ಬಹಳ ಹಳೆಯದು. ಮಧ್ಯಾಹ್ನದ ನಂತರ ಊಟ ಮಾಡಬಾರದ ಬೌದ್ಧ ಭಿಕ್ಷುಗಳಿಗೆ ವಿನಯಪಿಟಕವು ಎಂಟು ಬಗೆಯ ಪಾನಗಳಿಗೆ ಅನುಮತಿ ಕೊಟ್ಟಿದೆ. ಮಾವು, ನೇರಳೆ, ಬಾಳೆ, ದ್ರಾಕ್ಷಿ, ಜೇನು ಆ ಪಟ್ಟಿಯಲ್ಲಿವೆ. ಬಿಸಿಲಿನ ಕಾವು ತಾಗಿದ ರಸವಾದರೆ ಸರಿ, ಬೆಂಕಿಯ ಮೇಲೆ ಕಾಯಿಸಿದ್ದು ಸಲ್ಲದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಕ್ರಿ.ಶ. 1129ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆಯೇ ಪಾನೀಯಭೋಗಕ್ಕೂ ಪ್ರತ್ಯೇಕ ಭಾಗವಿದೆ.

ಕೋಸಂಬರಿಯ ಕಥೆ ಇಷ್ಟು ನೇರವಲ್ಲ. ಅದರ ಮೂಲದ್ರವ್ಯವಾದ ಹೆಸರು ಈ ನೆಲದ ಪುರಾತನ ಬೆಳೆ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ನವಶಿಲಾಯುಗದ ನೆಲೆಗಳಲ್ಲಿ ಹೆಸರಿನ ಮತ್ತು ಹುರುಳಿಯ ಕಾಳುಗಳು ದೊರೆತಿವೆ. ಅವು ಸುಮಾರು 4,000 ವರ್ಷ ಹಳೆಯವು. ಸುಟ್ಟು ಕರಕಾಗಿದ್ದರಿಂದಲೇ ಅವು ಇಷ್ಟು ಕಾಲ ಉಳಿದವು. ಸೌತೆಯೂ ಮಾವೂ ಭಾರತದವೇ. ಆದರೆ ಹಸಿಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳ ಮೂಲಕ 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಅದಕ್ಕೆ ಮುನ್ನ ಖಾರವೆಂದರೆ ಕಾಳುಮೆಣಸು ಮತ್ತು ಶುಂಠಿ. ಹೊಸ ಕಾಯಿಗೆ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಇಟ್ಟರು. ಪಾನಕಕ್ಕೆ ಈಗಲೂ ಬೀಳುವುದು ಮೆಣಸಿನ ಪುಡಿ, ಒಣಶುಂಠಿ, ಕೋಸಂಬರಿಗೆ ಹಸಿಮೆಣಸಿನಕಾಯಿ. ಒಂದೇ ತಟ್ಟೆಯಲ್ಲಿ ಎರಡು ಕಾಲದ ಖಾರಗಳು! ಕಿತ್ತಳೆ ಬಣ್ಣದ ಕ್ಯಾರೆಟ್ ತುರಿಯಂತೂ ಇಂಗ್ಲಿಷ್ ತರಕಾರಿಗಳ ಕಾಲದ್ದು.

ಇನ್ನು ಹಂಚುವ ವಿಷಯ. ಸಂಪ್ರದಾಯಸ್ಥರ ಮನೆಗಳಲ್ಲಿ ಬೇಯಿಸಿದ ಅನ್ನ, ಹುಳಿ ‘ಮುಸುರೆ’. ಅದನ್ನು ಯಾರು ಮುಟ್ಟಬೇಕು, ಯಾರ ಕೈಯಿಂದ ಉಣ್ಣಬೇಕು ಎಂಬುದಕ್ಕೆ ಬಿಗಿಯಾದ ಕಟ್ಟಳೆಗಳಿದ್ದವು. ಹಣ್ಣು, ಬೆಲ್ಲ, ನೆನೆಸಿದ ಬೇಳೆಗೆ ಅಷ್ಟು ಬಿಗಿಯಿಲ್ಲ. ಉಪವಾಸವಿದ್ದವರೂ ಫಲಾಹಾರವೆಂದು ಇವನ್ನು ಸ್ವೀಕರಿಸುತ್ತಿದ್ದರು. ಒಲೆಯ ಸಂಪರ್ಕವಿಲ್ಲದ್ದರಿಂದಲೇ ಈ ತಿನಿಸುಗಳು ಅಡುಗೆಮನೆಯ ಹೊಸ್ತಿಲು ದಾಟಿ ಬೀದಿಗೆ ಬರುವುದು ಸುಲಭವಾಯಿತು ಎನ್ನಬಹುದು. ಬೀದಿಯಲ್ಲಿ ಅವಕ್ಕೆ ಮತ್ತೊಂದು ಹಳೆಯ ಪದ್ಧತಿಯ ಆಸರೆಯೂ ಇತ್ತು. ದಾರಿಹೋಕರಿಗೆ ಬೇಸಿಗೆಯಲ್ಲಿ ನೀರು ಕೊಡುವ ಅರವಟ್ಟಿಗೆಯನ್ನು ನಡೆಸುವುದು ಪುಣ್ಯಕಾರ್ಯವೆನಿಸಿತ್ತು. ಅದಕ್ಕಾಗಿ ದತ್ತಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಬರುತ್ತದೆ.

ಹಾಗೆಂದು ಈ ಹಂಚಿಕೆಯನ್ನು ಸಮಾನತೆಯ ಪಂಕ್ತಿ ಎಂದು ಕೊಂಡಾಡುವಂತಿಲ್ಲ. ಒಲೆಯ ಕಟ್ಟು ಸಡಿಲವಾದಲ್ಲೂ ನೀರಿನ ಕಟ್ಟು ಸಡಿಲಲಿಲ್ಲ. ಪಾನಕದಲ್ಲಿ ಹೆಚ್ಚಿನ ಪಾಲು ನೀರೇ ತಾನೆ? ‘ಮೇಲಿನವರು’ ಎತ್ತರದಿಂದ ಬೊಗಸೆಗೆ ಸುರಿಯಬಹುದಿತ್ತು. ‘ಕೆಳಗಿನವರು’ ಪಾತ್ರೆ ಮುಟ್ಟುವಂತಿರಲಿಲ್ಲ, ತಾವೇ ಕಲಸಿ ಕೊಡುವ ಮಾತಂತೂ ದೂರ. 1927ರ ಮಾರ್ಚ್ 20ರಂದು, ಬೇಸಿಗೆ ಏರುತ್ತಿದ್ದ ದಿನಗಳಲ್ಲಿ, ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದದ್ದು ಇದೇ ಕಟ್ಟಿನ ವಿರುದ್ಧ. ಕೆರೆ, ಬಾವಿಗಳ ಬಳಕೆಯಲ್ಲಿ ಜಾತಿಯ ತಾರತಮ್ಯ ಸಲ್ಲದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೇಳಿತು.

ಈಗ ಪಾನಕ ಕಾಗದದ ಲೋಟದಲ್ಲಿ, ಕೋಸಂಬರಿ ದೊನ್ನೆಯಲ್ಲಿ ಬರುತ್ತವೆ. ಪೆಂಡಾಲಿನ ಮುಂದಿನ ಸಾಲಿನಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಕೊಳದಪ್ಪಲೆಯ ಹಿಂದೆ ಸೌಟು ಹಿಡಿದು ನಿಲ್ಲುವವರು ಯಾರು ಎಂಬುದು ಮಾತ್ರ ಇನ್ನೂ ಊರಿಂದೂರಿಗೆ ಬೇರೆ.